ಸಣ್ಣ ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯ ಶುದ್ಧತೆ

ಕೆಸರುಗದ್ದೆಯಲ್ಲಿ ದುಡಿದ ಸಣ್ಣ ಟ್ರ್ಯಾಕ್ಟರು ರೋಟವೇಟರನ್ನು ಎತ್ತಲು ತಡಮಾಡಿದರೆ ಪಂಪು ಸವೆದಿದೆಯೆಂದೇ ಹಲವರು ತೀರ್ಮಾನಿಸುತ್ತಾರೆ. ಖರ್ಚುಮಾಡಿ ಪಂಪನ್ನು ಬಿಚ್ಚಿಸುವ ಮೊದಲು ಎಣ್ಣೆಯನ್ನು ಪರೀಕ್ಷಿಸಿರಿ.

ಇಂತಹ ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರುಪೆಟ್ಟಿಗೆಗೂ ಲಿಫ್ಟಿಗೂ ಒಂದೇ ಎಣ್ಣೆ. ಗೇರಿನ ಹಲ್ಲುಗಳಿಂದ ಸವೆದ ಲೋಹದ ಪುಡಿ ಇದೇ ಎಣ್ಣೆಯೊಡನೆ ಫಿಲ್ಟರಿಗೆ ಬರುತ್ತದೆ. ಪಂಪಿನ ಒಳಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನುಗಳಷ್ಟು. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನು. ಆದುದರಿಂದ ಕಣ್ಣಿಗೆ ಕಾಣದ ಕಣವೂ ಪಂಪನ್ನು ಗೀಚಬಲ್ಲದು. ಹೊಸ ಟ್ರ್ಯಾಕ್ಟರಿನಲ್ಲಿ ಗೇರುಗಳು ಪಳಗುವಾಗ ಪುಡಿ ಹೆಚ್ಚು. ಕೈಪಿಡಿಯಲ್ಲಿ ಹೇಳಿದ ಮೊದಲ ಫಿಲ್ಟರು ಬದಲಾವಣೆಯನ್ನು ‘ಈ ಹಂಗಾಮು ಮುಗಿಯಲಿ’ ಎಂದು ಮುಂದೂಡುವುದು ದುಬಾರಿಯ ಉಳಿತಾಯ.

ಎಣ್ಣೆ ಹಾಲು ಬೆರೆಸಿದಂತೆ ಬಿಳಿಚಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು. ಸಾಮಾನ್ಯ ಫಿಲ್ಟರು ನೀರನ್ನು ತಡೆಯಲಾರದು. ನೀರು ನುಗ್ಗಿದ ಸೀಲನ್ನು ಪತ್ತೆಹಚ್ಚಿ ಸರಿಪಡಿಸಿದ ನಂತರವೇ ಹೊಸ ಎಣ್ಣೆ ತುಂಬಿರಿ. ಬರಿಯ ನೊರೆ ಕಂಡರೆ ಎಣ್ಣೆಯ ಮಟ್ಟವನ್ನೂ ಹೀರುಕೊಳವೆಯ ಜೋಡಣೆಯನ್ನೂ ನೋಡಿರಿ. ಅಲ್ಲಿಂದ ಗಾಳಿ ಎಳೆಯುತ್ತಿರಬಹುದು.

ಫಿಲ್ಟರು ಬಿಚ್ಚುವ ಮುನ್ನ ಉಪಕರಣವನ್ನು ನೆಲಕ್ಕಿಳಿಸಿ ಎಂಜಿನ್ ನಿಲ್ಲಿಸಿ, ಸುತ್ತಲಿನ ಮಣ್ಣನ್ನು ಒರೆಸಿರಿ. ತಂತಿಜಾಲರಿಯದನ್ನು ಡೀಸೆಲಿನಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕಬಹುದು. ಕಾಗದದ್ದನ್ನು ತೊಳೆಯಬಾರದು, ಬದಲಾಯಿಸಬೇಕು. ಒಳಭಾಗ ಒರೆಸಲು ಹತ್ತಿವೇಸ್ಟ್ ಬೇಡ. ಅದರ ಎಳೆಗಳು ಜಾಲರಿಗೆ ಕಟ್ಟಿಕೊಳ್ಳುತ್ತವೆ.