ಗಾಜಿನ ಮನೆಯಲ್ಲಿ ಸುಮಾತ್ರಾದ ಗಡ್ಡೆ

1878ರಲ್ಲಿ ಇಟಲಿಯ ಸಸ್ಯಶಾಸ್ತ್ರಜ್ಞ ಒಡೊಆರ್ಡೊ ಬೆಕ್ಕಾರಿ ಪಶ್ಚಿಮ ಸುಮಾತ್ರಾದ ಮಳೆಕಾಡಿನಲ್ಲಿ ಅಗೆಸಿ ತೆಗೆಸಿದ ಗಡ್ಡೆಯೊಂದನ್ನು ಹೊರಲು ಇಬ್ಬರು ಆಳುಗಳು ಹೆಣಗಬೇಕಾಯಿತು. ಅಂಥ ಗಡ್ಡೆಗಳನ್ನು ಅವರು ಯುರೋಪಿಗೆ ಹಡಗಿನಲ್ಲಿ ಕಳಿಸಿದರು. ಆದರೆ ಆ ಕಾಲಕ್ಕೆ ಫಿಲೊಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಧ್ವಂಸ ಮಾಡುತ್ತಿತ್ತು. ಹೊರದೇಶದ ಗಿಡಗಳ ಮೇಲೆ ಬಿಗಿಯಾದ ನಿರ್ಬಂಧವಿತ್ತು. ಮಾರ್ಸೇಲ್ ಬಂದರಿನ ಸುಂಕದ ಕಟ್ಟೆಯಲ್ಲಿ ತಡೆಹಿಡಿದ ಗಡ್ಡೆಗಳು ಅಲ್ಲೇ ಹಾಳಾದವು.

ಬದುಕಿ ಉಳಿದದ್ದು ಬೀಜ. ಬೆಕ್ಕಾರಿ ಕಳಿಸಿದ್ದ ಬೀಜಗಳು ಫ್ಲಾರೆನ್ಸ್ ಬಳಿಯ ಕೊರ್ಸಿ ಸಾಲ್ವಿಯಾಟಿ ಎಂಬ ಸಿರಿವಂತರ ತೋಟದಲ್ಲಿ ಮೊಳೆತವು. ಅವುಗಳಲ್ಲೊಂದು ಸಸಿ 1879ರಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋಯಿತು. ಹೊರಗೆ ಹಿಮ ಬೀಳುವ ಊರಿನಲ್ಲಿ, ಬಿಸಿ ಮಾಡಿದ ಗಾಜಿನ ಮನೆಯೊಳಗೆ ಹತ್ತು ವರ್ಷ ಬೆಳೆದು, 1889ರ ಜೂನ್‌ನಲ್ಲಿ ಅದು ಅರಳಿತು. ಸುಮಾತ್ರಾದ ಆಚೆ ಈ ಗಿಡ ಹೂ ಬಿಟ್ಟದ್ದು ಅದೇ ಮೊದಲು.

ಇದರ ವೈಜ್ಞಾನಿಕ ಹೆಸರು ಅಮಾರ್ಫೊಫ್ಯಾಲಸ್ ಟೈಟಾನಮ್. ಟೈಟನ್ ಆರಮ್ ಎಂಬ ಸರಳ ಹೆಸರು ಡೇವಿಡ್ ಅಟೆನ್‌ಬರೋ ಅವರ ದೂರದರ್ಶನ ಸರಣಿಯಿಂದ ಹರಡಿತು. ಪತ್ರಿಕೆಗಳಿಗೆ ಇದು ‘ಶವದ ಹೂ’. ಆಳೆತ್ತರವನ್ನೂ ಮೀರುವ ಈ ಹೂಗೊಂಚಲು ಅರಳಿದಾಗ ಕೊಳೆತ ಮಾಂಸದ ನಾತ ಹೊಮ್ಮುತ್ತದೆ. ಗಂಧಕದ ಸಂಯುಕ್ತಗಳು ಈ ನಾತಕ್ಕೆ ಮುಖ್ಯ ಕಾರಣ. ನಡುವಿನ ದಿಂಡು ಮನುಷ್ಯನ ಮೈಯಷ್ಟೇ ಬೆಚ್ಚಗಾಗಿ ಆ ನಾತವನ್ನು ದೂರದೂರಕ್ಕೆ ತೂರುತ್ತದೆ. ಹೆಣ ತಿನ್ನುವ ದುಂಬಿಗಳೂ ನೊಣಗಳೂ ಮೋಸಹೋಗಿ ಬರುತ್ತವೆ. ಒಂದೆರಡು ದಿನದಲ್ಲಿ ಎಲ್ಲ ಮುಗಿಯುತ್ತದೆ. 1926ರಲ್ಲಿ ಕ್ಯೂನಲ್ಲಿ ಮತ್ತೆ ಅರಳಿದಾಗ ಜನಜಂಗುಳಿಯನ್ನು ಹತೋಟಿಗೆ ತರಲು ಪೊಲೀಸರು ಬರಬೇಕಾಯಿತು. ಆ ಎರಡು ದಿನಗಳ ಬಗ್ಗೆ ಸಾಕಷ್ಟು ಬರೆದಾಗಿದೆ. ಅದರ ಹಿಂದಿನ ಹತ್ತು ವರ್ಷಗಳ ಬಗ್ಗೆ, ಅಂದರೆ ಬೀಜದಿಂದ ಗಡ್ಡೆಯವರೆಗಿನ ಬೆಳವಣಿಗೆಯ ಬಗ್ಗೆ, ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಈ ಗಿಡ ಇನ್ನು ಮುಂದೆ ಉಳಿಯುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಮಾತ್ರ ಆ ವರ್ಷಗಳಲ್ಲೇ.

ಕಾಡಿನಲ್ಲಿ ಇದರ ಹಣ್ಣು ಬಲಿತು ಕಿತ್ತಳೆಗೆಂಪಿಗೆ ತಿರುಗಲು ತಿಂಗಳುಗಳೇ ಬೇಕು. ಹೂವಿನ ಬುಡದಲ್ಲಿ ತೆನೆಯಂತೆ ಕಿಕ್ಕಿರಿದು ನಿಂತ ಹಣ್ಣುಗಳನ್ನು ಮಂಗಟ್ಟೆ ಹಕ್ಕಿಗಳು ನುಂಗಿ, ಬೀಜವನ್ನು ಬೇರೆಡೆ ಉದುರಿಸುತ್ತವೆ. ಹಣ್ಣೊಂದರಲ್ಲಿ ಒಂದೋ ಎರಡೋ ಬೀಜ ಇರುತ್ತವೆ. ಭತ್ತ, ರಾಗಿಯಂತೆ ಒಣಗಿಸಿ ಡಬ್ಬಿಯಲ್ಲಿ ಹಾಕಿಡುವ ಜಾತಿಯ ಬೀಜ ಇದಲ್ಲ. ಭತ್ತದ ಕಾಳಿನಲ್ಲಿ ಪುಟ್ಟ ಭ್ರೂಣದ ಪಕ್ಕದಲ್ಲಿ ಹಿಟ್ಟಿನ ಬೇರೆ ದಾಸ್ತಾನು ಇರುತ್ತದೆ. ಟೈಟನ್ ಆರಮ್‌ನ ಬೀಜದಲ್ಲಿ ಭ್ರೂಣವೇ ದಾಸ್ತಾನು. ತೆಳುವಾದ ಸಿಪ್ಪೆಯೊಳಗೆ ಒಂದು ಹಸಿ ಗಡ್ಡೆ ಇದ್ದಂತೆಯೇ ಸರಿ. ತೇವ ಆರಿದರೆ ಅದು ಸಾಯುತ್ತದೆ. ಹಾಗಾಗಿ ಜಗತ್ತಿನ ದೊಡ್ಡ ದೊಡ್ಡ ಬೀಜ ಸಂಗ್ರಹಾಲಯಗಳಲ್ಲಿ ಒಣಗಿಸಿ ಶೀತದಲ್ಲಿಡುವ ಸಾಮಾನ್ಯ ವಿಧಾನ ಇದಕ್ಕೆ ಆಗಿಬರುವುದಿಲ್ಲ. ಈ ಸಸ್ಯವನ್ನು ಕಾಡಿನ ಹೊರಗೆ ಕಾಪಾಡಬೇಕೆಂದರೆ ಬಿತ್ತಿ ಬೆಳೆಸುತ್ತಲೇ ಇರಬೇಕು, ಬೇರೆ ದಾರಿಯಿಲ್ಲ.

ಆದ್ದರಿಂದ ಬೆಳೆಗಾರನ ಮೊದಲ ನಿಯಮ ಆತುರ. ಹಣ್ಣು ಕೈಗೆ ಬಂದ ಕೂಡಲೇ ತಿರುಳು ತೆಗೆದು ಬೀಜವನ್ನು ತೊಳೆಯಬೇಕು. ಕೈಗವಸು ಬೇಕೇ ಬೇಕು, ಏಕೆಂದರೆ ಈ ಕುಲದ ಗಿಡಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿಮೊನೆಯ ಹರಳುಗಳು ಚರ್ಮಕ್ಕೆ ತಾಗಿದರೆ ತುರಿಕೆ, ಉರಿ. ತೆಂಗಿನ ನಾರಿನ ಪುಡಿ, ಪರ್ಲೈಟ್, ತೊಗಟೆಯ ಚೂರುಗಳಂಥ ಗಾಳಿಯಾಡುವ ಮಿಶ್ರಣದಲ್ಲಿ ಬೀಜವನ್ನು ಆಳಕ್ಕೆ ಹೋಗದಂತೆ ಊರಿ, ಸದಾ ತೇವವಾಗಿ, ಆದರೆ ನೀರು ನಿಲ್ಲದಂತೆ ಇಡುತ್ತಾರೆ. ಶಾಖ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ತಂಪಿನ ದೇಶಗಳಲ್ಲಿ ಮನೆಯೊಳಗೆ ಬೆಳೆಯುವವರು ಕುಂಡದಡಿಗೆ ವಿದ್ಯುತ್ತಿನ ಬಿಸಿ ಚಾಪೆ ಹಾಸಿ, ಮೇಲೆ ಪಾರದರ್ಶಕ ಮುಚ್ಚಳ ಹಾಕುತ್ತಾರೆ. ಮೊಳಕೆಗೆ ಕೆಲವು ವಾರ ಸಾಕಾಗಬಹುದು, ಕೆಲವು ತಿಂಗಳೂ ಬೇಕಾಗಬಹುದು. ಒಂದೇ ಹಣ್ಣಿನ ಎರಡು ಬೀಜಗಳೂ ಒಟ್ಟಿಗೆ ಏಳುತ್ತವೆಂಬ ಖಾತ್ರಿಯಿಲ್ಲ.

ಮೊಳೆತ ಮೇಲೆ ಕಾಣುವುದು ಒಂದೇ ಒಂದು ಎಲೆ. ಇಡೀ ಜೀವಮಾನ ಹೀಗೆಯೇ. ಮೊದಲ ವರ್ಷ ಗೇಣುದ್ದದ ತೊಟ್ಟು, ತುದಿಯಲ್ಲಿ ಕೆಲವೇ ಕಿರುಎಲೆಗಳು. ಮುಂದೆ ಬಲಿತ ಗಿಡದಲ್ಲಿ ಅದೇ ಎಲೆ 6 ಮೀಟರ್ ಎತ್ತರಕ್ಕೆ ಏರಿ 5 ಮೀಟರ್ ಅಗಲಕ್ಕೆ ಕೊಡೆ ಬಿಚ್ಚುತ್ತದೆ. ನೋಡಿದವರು ಮರ ಎಂದೇ ಭಾವಿಸುತ್ತಾರೆ. ಕಾಂಡದಂತೆ ಕಾಣುವುದು ವಾಸ್ತವದಲ್ಲಿ ಎಲೆಯ ತೊಟ್ಟು. ಅದರ ಹಸಿರು ಮೈಮೇಲೆ ಕಲ್ಲುಹೂ ಹಬ್ಬಿದಂತೆ ಬಿಳಿ ಮಚ್ಚೆಗಳು. ಅಷ್ಟು ಎತ್ತರದ ತೊಟ್ಟಿನಲ್ಲಿ ಮರದಂಥ ಗಟ್ಟಿ ಭಾಗ ಇಲ್ಲವೇ ಇಲ್ಲ. ಪೋಲೆಂಡಿನ ಹೆಯ್ನೊವಿಚ್ ಮತ್ತು ಬಾನ್ ವಿಶ್ವವಿದ್ಯಾಲಯದ ವಿಲ್ಹೆಲ್ಮ್ ಬಾರ್ಟ್‌ಲಾಟ್ 2005ರಲ್ಲಿ ಇದನ್ನು ಅಧ್ಯಯನ ಮಾಡಿ, ಜೀವಕೋಶಗಳೊಳಗಿನ ನೀರಿನ ಒತ್ತಡ ಆ ಭಾರವನ್ನು ಎತ್ತಿ ಹಿಡಿಯುವಲ್ಲಿ ಎಷ್ಟು ಮುಖ್ಯ ಎಂದು ತೋರಿಸಿದರು. ಎಲೆಯಿರುವ ಕಾಲದಲ್ಲಿ ನೀರುಣಿಸುವುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ.

ಆ ಎಲೆ ವರ್ಷ, ಒಂದೂವರೆ ವರ್ಷ ನಿಂತು ಬಿಸಿಲುಂಡು, ಉಂಡದ್ದನ್ನೆಲ್ಲ ಪಿಷ್ಟವಾಗಿ ನೆಲದಡಿಗೆ ಇಳಿಸುತ್ತದೆ. ಬಳಿಕ ಹಳದಿಯಾಗಿ ಮಗುಚಿ ಬೀಳುತ್ತದೆ. ಮುಂದೆ ಕೆಲವು ತಿಂಗಳು ಕುಂಡದಲ್ಲಿ ಬರೀ ಮಣ್ಣು. ಗಿಡ ಸತ್ತಿತೆಂದು ಹೊಸಬರು ಗಾಬರಿಯಾಗುವುದೂ ಉಪಚಾರಕ್ಕೆಂದು ನೀರು ಸುರಿದು ನಿಜವಾಗಿಯೂ ಕೊಲ್ಲುವುದೂ ಈ ಘಟ್ಟದಲ್ಲಿ. ಬೇರಿಲ್ಲದ ಗಡ್ಡೆಗೆ ನೀರು ಬೇಡ. ಕೊಳೆತ ಒಮ್ಮೆ ಹೊಕ್ಕರೆ ಹತ್ತು ವರ್ಷದ ಗಳಿಕೆಯೂ ವಾರಗಳಲ್ಲಿ ಕರಗಿ ಲೋಳೆಯಾಗುತ್ತದೆ. ಅನುಭವಿ ತೋಟಗಾರರು ಈ ಹೊತ್ತಿನಲ್ಲೇ ಗಡ್ಡೆಯನ್ನು ಮೇಲೆತ್ತಿ, ಕೊಳೆತ ಭಾಗವಿದ್ದರೆ ಕೆತ್ತಿ ತೆಗೆದು, ಹಿಟ್ಟುತಿಗಣೆ ಮತ್ತು ಜಂತುಹುಳು ಇವೆಯೇ ಎಂದು ಪರೀಕ್ಷಿಸಿ, ತೂಗಿ, ಮೊದಲಿಗಿಂತ ದೊಡ್ಡ ಕುಂಡಕ್ಕೆ ಹಾಕುತ್ತಾರೆ. ಕೆಳಗೂ ಮೇಲೂ ಮಣ್ಣು ಬೇಕು, ಏಕೆಂದರೆ ಈ ಗಡ್ಡೆಯ ಬೇರುಗಳು ಹೊರಡುವುದು ಮೊಗ್ಗಿನ ಸುತ್ತಲಿನ ಮೇಲ್ಭಾಗದಿಂದ.

ತೂಗುವುದರಲ್ಲಿ ಒಂದು ಅರ್ಥವಿದೆ. ಹೊಸ ಎಲೆ ಏಳುವಾಗ ಹಳೆಯ ಗಡ್ಡೆಯಲ್ಲಿ ಕೂಡಿಟ್ಟದ್ದು ಖರ್ಚಾಗಿ, ಎಲೆ ಬೆಳೆದಂತೆ ಹೊಸ ಗಡ್ಡೆ ಕಟ್ಟುತ್ತದೆ. ಆರೈಕೆ ಸರಿಯಿದ್ದರೆ ಪ್ರತಿ ಸುತ್ತಿಗೂ ತೂಕ ದುಪ್ಪಟ್ಟಾಗಬಹುದು, ಅದಕ್ಕೂ ಹೆಚ್ಚಬಹುದು. ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ 2003ರಲ್ಲಿ ಕಿತ್ತಳೆ ಹಣ್ಣಿನ ಗಾತ್ರದ ಗಡ್ಡೆಯೊಂದನ್ನು ನೆದರ್‌ಲೆಂಡ್ಸಿನ ಲೈಡನ್‌ನಿಂದ ತರಿಸಿಕೊಂಡಿತು. 2010ರಲ್ಲಿ ಅದನ್ನು ತೂಗಿದಾಗ 153.9 ಕೆ.ಜಿ. ಬಂತು. ಏಳು ವರ್ಷದಲ್ಲಿ! ಆದರೂ ಅದು ಹೂ ಬಿಡಲಿಲ್ಲ. ಇನ್ನೂ ಐದು ವರ್ಷ ಎಲೆಯನ್ನೇ ಹೊರಡಿಸಿ, 2015ರಲ್ಲಿ ಮೊದಲ ಬಾರಿ ಅರಳಿತು. ಅತ್ತ ಬಾನ್‌ನಲ್ಲಿ 117 ಕೆ.ಜಿ. ತೂಗಿದ ಗಡ್ಡೆಯೊಂದು 2006ರಲ್ಲಿ ಒಟ್ಟಿಗೆ ಮೂರು ಹೂ ಬಿಟ್ಟಿತು. ಇದಕ್ಕಿಂತ ಎಷ್ಟೋ ಸಣ್ಣ ಗಡ್ಡೆಗಳೂ ಹೂ ಬಿಟ್ಟಿವೆ. ಎಲೆ ಏಳಬೇಕೋ ಹೂ ಏಳಬೇಕೋ ಎಂದು ನಿರ್ಧರಿಸುವಲ್ಲಿ ತೂಕಕ್ಕೆ ಪಾತ್ರವಿದೆ, ಪೂರ್ತಿ ಅಧಿಕಾರವಿಲ್ಲ. ಮಣ್ಣಿನಿಂದ ಮೊಗ್ಗು ಇಣುಕಿದಾಗಲೂ ಅದು ಎಲೆಯೋ ಹೂವೋ ಎಂದು ಹೇಳಲು ದಿನಗಳೇ ಬೇಕಾಗುತ್ತವೆ.

ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವಾದ ಕೆಲಸವೇನೂ ಅಲ್ಲ ಇದು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಒಬ್ಬ ಆರ್ಕಿಡ್ ಬೆಳೆಗಾರರ ಹಸಿರುಮನೆಯಲ್ಲಿ 2010ರಲ್ಲಿ ಅರಳಿದ ಹೂ 3.1 ಮೀಟರ್ ಎತ್ತರವಿತ್ತು. ಅಲ್ಲಿಯವರೆಗೆ ಅಷ್ಟೆತ್ತರದ ಹೂವನ್ನು ಯಾರೂ ಅಳೆದಿರಲಿಲ್ಲ. ನಮ್ಮ ನೆರೆಯ ವಯನಾಡಿನ ಪೆರಿಯ ಬಳಿ ಇರುವ ಗುರುಕುಲ ಬೊಟಾನಿಕಲ್ ಸ್ಯಾಂಕ್ಚುರಿಯಲ್ಲೂ ಈ ಗಿಡ ಅರಳಿದೆ. ಅಲ್ಲಿನ ಮಳೆ, ತೇವ ಇದಕ್ಕೆ ಒಗ್ಗುತ್ತವೆ. ಲಂಡನ್, ಬಾನ್‌ಗಳಲ್ಲಿ ಇವೆರಡನ್ನೂ ಯಂತ್ರಗಳಿಂದ ಸೃಷ್ಟಿಸಬೇಕು. ಚಳಿಗಾಲದ ಕುರುಡು ಹಗಲುಗಳಲ್ಲಿ ದೀಪವನ್ನೂ ಉರಿಸಬೇಕು, ಸಮಭಾಜಕ ವೃತ್ತದ ಗಿಡಕ್ಕೆ ವರ್ಷವಿಡೀ ಹನ್ನೆರಡು ಗಂಟೆಯ ಹಗಲು ರೂಢಿಯಾದ್ದರಿಂದ.

ಕನ್ನಡದ ಓದುಗರಿಗೆ ಮಚ್ಚೆಯ ತೊಟ್ಟು, ಕೊಡೆಯಂಥ ಒಂಟಿ ಎಲೆ, ಮುಟ್ಟಿದರೆ ತುರಿಕೆ ಎಂದಾಗಲೇ ಅನುಮಾನ ಬಂದಿರಬೇಕು. ಹೌದು, ಸುವರ್ಣಗಡ್ಡೆ ಇದರ ಹತ್ತಿರದ ಬಂಧು. ಅಮಾರ್ಫೊಫ್ಯಾಲಸ್ ಪಿಯೊನಿಫೋಲಿಯಸ್ ಎಂಬ ಹೆಸರಿನ ಅದೂ ಸುಮಾರು 200 ಜಾತಿಗಳಿರುವ ಇದೇ ಕುಲಕ್ಕೆ ಸೇರಿದ್ದು. ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳುವುದು, ಪಲ್ಯಕ್ಕೆ ಹುಣಸೆಹುಳಿ ಬೀಳುವುದು ಅದೇ ಆಕ್ಸಲೇಟ್ ಹರಳುಗಳ ಕಾಟಕ್ಕಾಗಿ. ಅದರ ಹೂವೂ ನಾರುತ್ತದೆ. ಆದರೂ ಸುವರ್ಣಗಡ್ಡೆ ತಿಂದವರಲ್ಲಿ ಬಹುಪಾಲು ಮಂದಿ ಅದರ ಹೂವನ್ನಾಗಲಿ ಬೀಜವನ್ನಾಗಲಿ ನೋಡಿರುವುದಿಲ್ಲ. ರೈತರು ಗಡ್ಡೆಯನ್ನೇ ಮೊಗ್ಗಿನ ಭಾಗ ಸೇರುವಂತೆ ಹೋಳು ಮಾಡಿ ನೆಡುತ್ತಾರೆ, ಹೂ ಬಿಡುವ ಪ್ರಾಯ ಬರುವ ಮೊದಲೇ ಅಗೆದು ಮಾರುತ್ತಾರೆ. ಹೋಳಿನಿಂದ ಬೆಳೆದ ಗಿಡ ತಾಯಿಯ ತದ್ರೂಪು. ಒಂದೇ ರುಚಿ, ಒಂದೇ ಇಳುವರಿ ಬೇಕಾದ ಬೇಸಾಯಕ್ಕೆ ಅದು ವರ.

ಅಳಿವಿನಂಚಿನ ಗಿಡಕ್ಕೆ ಅದೇ ಅಪಾಯ. ಟೈಟನ್ ಆರಮ್ ಇರುವುದು ಸುಮಾತ್ರಾದಲ್ಲಿ ಮಾತ್ರ. ಅಲ್ಲಿನ ಕಾಡು ತಾಳೆ ತೋಟಗಳಿಗೂ ಮರದ ವ್ಯಾಪಾರಕ್ಕೂ ಬಲಿಯಾಗುತ್ತ ಬಂದಿದೆ. ಕಾಡಿನಲ್ಲಿ ಉಳಿದಿರುವ ಗಿಡಗಳು ಸಾವಿರಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2018ರಲ್ಲಿ ಇದನ್ನು ಅಪಾಯದಲ್ಲಿರುವ ಸಸ್ಯಗಳ ಪಟ್ಟಿಗೆ ಸೇರಿಸಿತು. ಗಾಜಿನ ಮನೆಗಳಲ್ಲಿ ಸಾವಿರಾರು ಗಿಡಗಳಿದ್ದರೂ ಅವುಗಳ ಮೂಲ ಕೆಲವೇ ಕೆಲವು. 1993ರಲ್ಲಿ ಅಟೆನ್‌ಬರೋ ಅವರ ಚಿತ್ರೀಕರಣದ ಹೊತ್ತಿನಲ್ಲಿ ಜೇಮ್ಸ್ ಸೈಮನ್ ಸುಮಾತ್ರಾದಿಂದ ತಂದ ಬೀಜಗಳು ಅಮೆರಿಕದ ಅನೇಕ ತೋಟಗಳಿಗೆ ಹಂಚಿಹೋದವು. 1998ರಲ್ಲಿ ಮಯಾಮಿಯ ಫೇರ್‌ಚೈಲ್ಡ್ ತೋಟದಲ್ಲೂ 2001ರಲ್ಲಿ ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲೂ ಅರಳಿ ಸುದ್ದಿಯಾದ ಗಿಡಗಳು ಆ ಬೀಜಗಳಿಂದ ಹುಟ್ಟಿದವು, ಅಂದರೆ ಒಡಹುಟ್ಟುಗಳಂಥವು. ಅವುಗಳನ್ನು ಪರಸ್ಪರ ಕೂಡಿಸಿದರೆ ಹತ್ತಿರದ ರಕ್ತಸಂಬಂಧದ ಮದುವೆಯ ತೊಡಕುಗಳೇ ಬರುತ್ತವೆ.

ಎಷ್ಟು ತೊಡಕು ಎಂಬ ಲೆಕ್ಕ ಈಚೆಗೆ ಸಿಕ್ಕಿದೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಶಿಕಾಗೋ ಬೊಟಾನಿಕ್ ಗಾರ್ಡನ್‌ನ ಸಂಶೋಧಕರು 111 ಸಂಸ್ಥೆಗಳಿಂದ ಸುಮಾರು 1,200 ಗಿಡಗಳ ದಾಖಲೆ ತರಿಸಿ ನೋಡಿದರು. 2025ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಶೇ. 24ರಷ್ಟು ಗಿಡಗಳು ತದ್ರೂಪುಗಳು, ಶೇ. 27ರಷ್ಟು ಹತ್ತಿರದ ಸಂಬಂಧಿಗಳ ಸಂತಾನ. ಹಲವೆಡೆ ಯಾವ ಗಿಡ ಯಾವ ತಾಯಿಯದು, ಪರಾಗ ಎಲ್ಲಿಂದ ಬಂತು ಎಂಬ ದಾಖಲೆಯೇ ಪೂರ್ಣವಾಗಿರಲಿಲ್ಲ. ಒಳಸಂತಾನದ ಪರಿಣಾಮ ಮೊಳಕೆಯಲ್ಲೇ ಎದ್ದು ಕಾಣುತ್ತದೆ: ಕೆಲವು ಸಸಿಗಳು ಹಸಿರೇ ಇಲ್ಲದೆ ಬೆಳ್ಳಗೆ ಹುಟ್ಟುತ್ತವೆ. ಬೆಳಕಿನಿಂದ ಆಹಾರ ಮಾಡಿಕೊಳ್ಳಲಾರದ ಅಂಥ ಸಸಿ ಗಡ್ಡೆಯ ದಾಸ್ತಾನು ತೀರಿದ ಕೂಡಲೇ ಸಾಯುತ್ತದೆ.

ಪರಿಹಾರ ಸಂಬಂಧವಿಲ್ಲದ ಎರಡು ಗಿಡಗಳ ಬೀಜ. ಅದನ್ನು ಪಡೆಯುವುದು ಸುಲಭವಲ್ಲ. ಹೂಗೊಂಚಲಿನ ಬುಡದಲ್ಲಿರುವ ಹೆಣ್ಣು ಹೂಗಳು ಮೊದಲ ರಾತ್ರಿ ಸಿದ್ಧವಾಗುತ್ತವೆ. ಅವುಗಳ ಮೇಲಿರುವ ಗಂಡು ಹೂಗಳು ಪರಾಗ ಬಿಡುವುದು ಮರುದಿನ, ಆ ಹೊತ್ತಿಗೆ ಹೆಣ್ಣು ಹೂಗಳ ಕಾಲ ಮುಗಿದಿರುತ್ತದೆ. ಆದ್ದರಿಂದ ಬೇರೆ ಗಿಡದ ಪರಾಗ ಅದೇ ರಾತ್ರಿ ಕೈಯಲ್ಲಿರಬೇಕು. ಶಿಕಾಗೋ ತೋಟ 2003ರಲ್ಲಿ ಬರ್ಕ್‌ಲಿಯಿಂದ ತರಿಸಿದ್ದ ಬೀಜದಿಂದ ಹನ್ನೆರಡು ವರ್ಷ ಬೆಳೆಸಿದ ‘ಸ್ಪೈಕ್’ ಎಂಬ ಗಿಡ 2015ರ ಆಗಸ್ಟ್‌ನಲ್ಲಿ ಮೊಗ್ಗಾಗಿ, ಸಾವಿರಾರು ಜನ ಕಾದು ನಿಂತಿದ್ದರೂ ಅರಳಲಿಲ್ಲ. ತೋಟಗಾರರು ಮೊಗ್ಗನ್ನು ಕತ್ತರಿಸಿ ತೆರೆದು ಪರಾಗವನ್ನು ಸಂಗ್ರಹಿಸಿದರು. ಮರುತಿಂಗಳ ಕೊನೆಯಲ್ಲಿ ಅಲ್ಲಿಯದೇ ‘ಆಲಿಸ್’ ಅರಳಿದಾಗ ಆ ಪರಾಗವನ್ನೂ ಡೆನ್ವರ್ ತೋಟದ ‘ಸ್ಟಿಂಕಿ’ ಎಂಬ ಗಿಡದಿಂದ ಬಂದ ಪರಾಗವನ್ನೂ ಕುಂಚದಿಂದ ಹಚ್ಚಿದರು. ಹಣ್ಣು ಕಟ್ಟಿತು, ಬೀಜ ಬಲಿಯಿತು.

ಪರಾಗವನ್ನು ತಣ್ಣಗಿಟ್ಟು ದೂರದ ತೋಟಕ್ಕೆ ಕಳಿಸುವ ಪದ್ಧತಿ ಈಗ ಹೆಚ್ಚುತ್ತಿದೆ. ಮೃಗಾಲಯಗಳು ಹುಲಿ, ಗೊರಿಲ್ಲಾಗಳ ವಂಶಾವಳಿ ಬರೆದಿಟ್ಟುಕೊಂಡು ಜೋಡಿ ಕೂಡಿಸುವಂತೆಯೇ ಈ ಗಿಡಕ್ಕೂ ಎಲ್ಲ ತೋಟಗಳಿಗೆ ಸಮಾನವಾದ ಒಂದು ವಂಶಾವಳಿ ಬೇಕೆಂದು ಸಂಶೋಧಕರು ಒತ್ತಾಯಿಸುತ್ತಿದ್ದಾರೆ. ಹಾಗೆ ಆದರೆ ಕುಂಡದಲ್ಲಿ ಬೀಜ ಊರುವವರು ಅದರ ಚೀಟಿಯ ಮೇಲೆ ಬಿತ್ತಿದ ದಿನಾಂಕದ ಜೊತೆಗೆ ತಾಯಿ ಗಿಡದ ಹೆಸರನ್ನೂ ಪರಾಗ ಕೊಟ್ಟ ಗಿಡದ ಹೆಸರನ್ನೂ ಬರೆಯುತ್ತಾರೆ.