ಪಿಯಾನೋ ವಾದ್ಯವೂ ಅದನ್ನು ನಿರ್ಮಿಸಿದವರೂ

ಪಿಯಾನೋ ಎಂಬುದು ಮೊಟುಕುಗೊಂಡ ಹೆಸರು. ಇಟಲಿಯ ಭಾಷೆಯಲ್ಲಿ ಅದರ ಪೂರ್ಣ ನಾಮ ‘ಪಿಯಾನೋಫೋರ್ಟೆ’. ಪಿಯಾನೋ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಗಟ್ಟಿಯಾಗಿ. ಮೆಲುದನಿಯನ್ನೂ ಬಲುದನಿಯನ್ನೂ ನುಡಿಸಬಲ್ಲುದೆಂಬುದೇ ಒಂದು ವಾದ್ಯಕ್ಕೆ ಹೆಸರಾಗುವಷ್ಟು ದೊಡ್ಡ ಗುಣವೇ ಎಂದು, ವೀಣೆಯನ್ನು ಕೇಳಿ ಬೆಳೆದ ನಮಗೆ ಆಶ್ಚರ್ಯವಾಗಬಹುದು. ವೈಣಿಕನ ಬೆರಳು ತಂತಿಯನ್ನು ನೇರವಾಗಿ ಮೀಟುವುದು. ಆದುದರಿಂದ ನಾದವು ಬೆರಳಿನ ಇಚ್ಛೆಯನ್ನು ತಪ್ಪದೆ ಅನುಸರಿಸುವುದು.

ಕೀಲಿಗಳುಳ್ಳ ತಂತಿವಾದ್ಯದ ಸ್ಥಿತಿ ಬೇರೆ. ಅಲ್ಲಿ ಬೆರಳಿಗೂ ತಂತಿಗೂ ನಡುವೆ ಒಂದು ಯಂತ್ರವಿದೆ. ಹಿಂದೆ ಯೂರೋಪಿನಲ್ಲಿ ಪ್ರಚಾರದಲ್ಲಿದ್ದ ಹಾರ್ಪ್ಸಿಕಾರ್ಡಿನಲ್ಲಿ ಕೀಲಿಯನ್ನು ಒತ್ತಿದರೆ ಹಕ್ಕಿಯ ಗರಿಯ ಚೂರೊಂದು ತಂತಿಯನ್ನು ಮೀಟುತ್ತಿದ್ದಿತು. ಬೆರಳು ಮೃದುವಾಗಿ ಒತ್ತಲಿ, ಬಲವಾಗಿ ಒತ್ತಲಿ, ದನಿ ಹೆಚ್ಚು ಕಡಿಮೆ ಒಂದೇ. ಕ್ಲಾವಿಕಾರ್ಡ್ ಎಂಬ ಮತ್ತೊಂದು ವಾದ್ಯವು ಬೆರಳಿನ ಒತ್ತಡವನ್ನು ಅನುಸರಿಸುತ್ತಿದ್ದಿತಾದರೂ ಅದರ ದನಿ ಬಲು ಕ್ಷೀಣ, ಸಭೆಗೆ ಕೇಳಿಸುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿಸಿದವನು ಪಾಡುವಾ ನಗರದಲ್ಲಿ 1655ರಲ್ಲಿ ಹುಟ್ಟಿದ ಬಾರ್ತೊಲೊಮಿಯೋ ಕ್ರಿಸ್ತೊಫೋರಿ. ಫ್ಲಾರೆನ್ಸಿನ ಮೆಡಿಚಿ ರಾಜಕುಮಾರನ ಆಶ್ರಯದಲ್ಲಿ ವಾದ್ಯಗಳನ್ನು ನೋಡಿಕೊಳ್ಳುವುದೂ ಹೊಸವನ್ನು ಕಟ್ಟುವುದೂ ಅವನ ಉದ್ಯೋಗ. ಗರಿಗೆ ಬದಲಾಗಿ ಅವನು ಪುಟ್ಟ ಸುತ್ತಿಗೆಗಳನ್ನಿಟ್ಟನು. ಕೇಳುವುದಕ್ಕೆ ಇದು ಸುಲಭ. ಆದರೆ ಮಿಡಿಯುತ್ತಿರುವ ತಂಬೂರಿಯ ತಂತಿಯನ್ನು ಮುಟ್ಟಿದರೆ ನಾದವು ಅಡಗುವುದಲ್ಲವೆ? ಹಾಗೆಯೇ ಹೊಡೆದ ಸುತ್ತಿಗೆ ತಂತಿಗೆ ತಗುಲಿಕೊಂಡೇ ನಿಂತರೆ ತಾನೆಬ್ಬಿಸಿದ ನಾದವನ್ನು ತಾನೇ ಕೊಲ್ಲುವುದು. ಬೆರಳು ಕೀಲಿಯ ಮೇಲೆಯೇ ಇದ್ದರೂ ಸುತ್ತಿಗೆ ಹೊಡೆದೊಡನೆ ಕಳಚಿಕೊಂಡು ಹಿಂದಕ್ಕೆ ಬೀಳಬೇಕು. ಇದನ್ನು ಅವನು ಸಾಧಿಸಿದನು. 1700ರಲ್ಲಿ ಬರೆದ ಅರಮನೆಯ ವಾದ್ಯಗಳ ಪಟ್ಟಿಯಲ್ಲಿ ಈ ನೂತನ ವಾದ್ಯದ ಉಲ್ಲೇಖವಿದೆ. ಅವನು ಮಾಡಿದ ಮೂರು ಪಿಯಾನೋಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಹಳೆಯದು, 1720ರದು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

1711ರಲ್ಲಿ ಮಾಫೇ ಎಂಬ ವಿದ್ವಾಂಸನು ಈ ವಾದ್ಯವನ್ನು ಕುರಿತು ಬರೆದ ಲೇಖನವು ಜರ್ಮನ್ ಭಾಷೆಗೆ ಅನುವಾದವಾಯಿತು. ಆರ್ಗನ್ ವಾದ್ಯಗಳ ನಿರ್ಮಾಣದಲ್ಲಿ ಹೆಸರಾದ ಗಾಟ್‌ಫ್ರೀಡ್ ಸಿಲ್ಬರ್‌ಮನ್ ಅಲ್ಲಿ ಪಿಯಾನೋಗಳನ್ನು ಕಟ್ಟತೊಡಗಿದನು. ಸಂಗೀತಾಚಾರ್ಯನಾದ ಬಾಖ್ ಅವುಗಳ ನಾದವನ್ನು ಮೆಚ್ಚಿದರೂ, ತಾರಸ್ಥಾಯಿ ದುರ್ಬಲ, ಕೀಲಿಗಳು ಭಾರ ಎಂದನಂತೆ. ಸಿಲ್ಬರ್‌ಮನ್ ನೊಂದುಕೊಂಡನು, ಆದರೂ ವರ್ಷಗಳ ಕಾಲ ದುಡಿದು ದೋಷಗಳನ್ನು ತಿದ್ದಿ, ಕೊನೆಗೆ ಬಾಖನ ಒಪ್ಪಿಗೆಯನ್ನು ಪಡೆದನು. ಈ ಸಂಗತಿಯನ್ನು ಬಾಖನ ಶಿಷ್ಯನೊಬ್ಬನು ಬರೆದಿಟ್ಟಿದ್ದಾನೆ.

ಮುಂದೆ ಲಂಡನ್ನಿನಲ್ಲಿ ಜರ್ಮನ್ ಕುಶಲಿ ತ್ಸುಂಪೆ 1760ರ ದಶಕದಲ್ಲಿ ಪೆಟ್ಟಿಗೆಯಾಕಾರದ ಸಣ್ಣ ಪಿಯಾನೋಗಳನ್ನು ಮಾಡಿ, ವಾದ್ಯವನ್ನು ಅರಮನೆಯಿಂದ ಗೃಹಸ್ಥರ ಮನೆಗೆ ತಂದನು. ಪ್ಯಾರಿಸಿನ ಎರಾರ್ 1821ರಲ್ಲಿ, ಕೀಲಿ ಪೂರ್ತಿ ಮೇಲೇಳುವ ಮೊದಲೇ ಅದೇ ಸ್ವರವನ್ನು ಮತ್ತೆ ನುಡಿಸುವ ಸಾಧನವನ್ನು ಕಂಡುಹಿಡಿದನು.

ಇಷ್ಟರಲ್ಲಿ ಸಭಾಮಂದಿರಗಳು ದೊಡ್ಡವಾದುವು, ದನಿಯೂ ದೊಡ್ಡದಾಗಬೇಕಾಯಿತು. ತಂತಿಗಳು ದಪ್ಪವಾದುವು; ಅವುಗಳ ಸೆಳೆತಕ್ಕೆ ಮರದ ಚೌಕಟ್ಟು ಬಾಗಿತು. 1825ರಲ್ಲಿ ಅಮೆರಿಕದ ಬಾಸ್ಟನ್ನಿನ ಬ್ಯಾಬ್‌ಕಾಕ್ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಹಕ್ಕುಪತ್ರ ಪಡೆದನು. 1859ರಲ್ಲಿ ನ್ಯೂಯಾರ್ಕಿನ ಸ್ಟೈನ್‌ವೇ ಮನೆತನದವರು ದೊಡ್ಡ ಪಿಯಾನೋದಲ್ಲಿ ಮಂದ್ರದ ತಂತಿಗಳನ್ನು ಉಳಿದವುಗಳ ಮೇಲೆ ಅಡ್ಡಲಾಗಿ ಹಾಯಿಸಿ ನಾದವನ್ನು ತುಂಬಿಸಿದರು. ಇಂದಿನ ದೊಡ್ಡ ಪಿಯಾನೋದಲ್ಲಿ ಕೀಲಿಗಳು 88. ತಂತಿಗಳ ಒಟ್ಟು ಸೆಳೆತ ಸುಮಾರು 20 ಟನ್ನು.

ಇಷ್ಟೆಲ್ಲ ಬದಲಾದರೂ ಹೊಡೆದೊಡನೆ ಕಳಚಿಕೊಳ್ಳುವ ಸುತ್ತಿಗೆಯ ತತ್ತ್ವ ಕ್ರಿಸ್ತೊಫೋರಿಯದೇ. ಅವನ ಮರಣಾನಂತರ ಜರ್ಮನಿಯಲ್ಲಿ ಬಹುಕಾಲ ಹಲವರು ಸಿಲ್ಬರ್‌ಮನ್ನನನ್ನೇ ಈ ವಾದ್ಯದ ಜನಕನೆಂದು ನಂಬಿದ್ದರು. ವಾದಕನ ಕೀರ್ತಿ ಸಭೆಯಲ್ಲಿಯೇ ಮೊಳಗುವುದು. ವಾದ್ಯವನ್ನು ಕಟ್ಟಿದವನ ಹೆಸರನ್ನು ನಾವು ಕೇಳಿ ತಿಳಿಯಬೇಕು. ಪಿಯಾನೋ ಒಂದರಲ್ಲಿಯೇ ಅಲ್ಲ, ನಮ್ಮ ಮನೆಯ ವೀಣೆಯ ವಿಷಯದಲ್ಲಿಯೂ ಈ ಮಾತು ಸಲ್ಲುವುದು.