ತೊಟ್ಟಿಲನ್ನು ಹಿಡಿದಿರುವ ಗಂಟು

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟವರಿಗೆ ಹೆಬ್ಬಾಳ, ಯಲಹಂಕಗಳನ್ನು ದಾಟಿದ ಬಳಿಕ ಚಿಕ್ಕಜಾಲವು ಎದುರಾಗುತ್ತದೆ. ಹಳೆಯ ಕೋಟೆಯೊಂದರ ಕಲ್ಲುಗೋಡೆಗಳು ಇಂದಿಗೂ ಅಲ್ಲಿ ಉಳಿದಿವೆ. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ಆರಂಭವಾದ ಮೇಲೆ ಈ ಹಾದಿಯ ಇಕ್ಕೆಲಗಳಲ್ಲಿಯೂ ಕಟ್ಟಡಗಳು ಏಳುತ್ತಲೇ ಇವೆ. ಅಂತಹ ಕೆಲಸದ ಸ್ಥಳದಲ್ಲಿ ಹೊಂಗೆಯ ಮರದ ಕೊಂಬೆಗೆ ಸೀರೆಯೊಂದನ್ನು ಕಟ್ಟಿ, ಆ ಜೋಲಿಯಲ್ಲಿ ಮಗುವನ್ನು ಮಲಗಿಸಿರುವುದನ್ನು ನಾವು ಕಂಡಿದ್ದೇವೆ. ಇಟ್ಟಿಗೆ ಹೊರುವ ತಾಯಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದನ್ನು ತೂಗಿ ಹೋಗುತ್ತಾಳೆ. ಅದೇ ಊರಿನ ಹೊಸ ಮನೆಗಳಲ್ಲಿ ಬಿಳಿಯ ಹಗ್ಗದಿಂದ ಹೆಣೆದ ‘ಮ್ಯಾಕ್ರಮೆ’ ತೊಟ್ಟಿಲಿಗೆ ಈಗ ಬಹಳ ಆದರ. ನೋಟಕ್ಕೆ ಇವೆರಡೂ ಬೇರೆ ಬೇರೆ. ಆದರೆ ಎರಡರಲ್ಲಿಯೂ ಮಗುವಿನ ಪ್ರಾಣವನ್ನು ಹಿಡಿದಿರುವುದು ಒಂದೇ ವಸ್ತು. ಅದು ಗಂಟು.

ಗಂಟಿನಲ್ಲಿ ಮೊಳೆಯಿಲ್ಲ, ಅಂಟಿಲ್ಲ, ಬೆಸುಗೆಯಿಲ್ಲ. ಹಾಗಾದರೆ ಅದು ಭಾರವನ್ನು ಹಿಡಿದು ನಿಲ್ಲುವುದು ಹೇಗೆ? ಕೆಲವು ಗಂಟುಗಳು ವರ್ಷಗಟ್ಟಲೆ ನಿಲ್ಲುತ್ತವೆ, ಕೆಲವು ಗಳಿಗೆಯಲ್ಲಿ ಜಾರುತ್ತವೆ, ಇದಕ್ಕೆ ಕಾರಣವೇನು? ಚಿಕ್ಕಜಾಲದ ಒಂದು ಮನೆಯಲ್ಲಿ ನಾವು ಇಂತಹ ತೊಟ್ಟಿಲೊಂದನ್ನು ಕಟ್ಟಲು ಹೊರಟಾಗ ಈ ಪ್ರಶ್ನೆಗೆ ಉತ್ತರವನ್ನು ಕಲಿಯಲೇಬೇಕಾಯಿತು.

ರಾಗಿಯ ಚೀಲ ಕಲಿಸಿದ ಪಾಠ

ಆ ಮನೆಯಲ್ಲಿ ಎರಡು ತಿಂಗಳ ಕೂಸು. ನಾವು ಮೊದಲು ನೈಲಾನ್ ಹಗ್ಗವನ್ನು ಆರಿಸಿದೆವು. ಅದು ಬಲವಾದುದು, ಹೊಳಪುಳ್ಳದ್ದು, ತೊಳೆಯಲು ಸುಲಭವಾದುದು. ಹಗ್ಗದ ತುದಿಗಳನ್ನು ಕಬ್ಬಿಣದ ಬಳೆಗೆ ಎರಡೆರಡು ಕುಣಿಕೆ ಹಾಕಿ ಬಿಗಿದೆವು. ತೂಗಿ ನೋಡೋಣವೆಂದು ಕೈಚಾಚಿದಾಗ ಮನೆಯ ಅಜ್ಜಿ, “ಬರೀ ತೊಟ್ಟಿಲು ತೂಗಬಾರದಪ್ಪಾ!” ಎಂದು ತಡೆದರು. ಅವರ ಮಾತಿಗೆ ಬೆಲೆ ಕೊಟ್ಟು ಮೂವತ್ತು ಕಿಲೋಗ್ರಾಂ ರಾಗಿಯ ಚೀಲವೊಂದನ್ನು ಅದರಲ್ಲಿಟ್ಟು ತೂಗಿದೆವು. ಹತ್ತು ನಿಮಿಷ ಕಳೆದಿರಲಿಕ್ಕಿಲ್ಲ, ಒಂದು ಗಂಟು ಮೆಲ್ಲಗೆ ಜಾರಿತು. ಮರುಕ್ಷಣವೇ ಚೀಲವು ತಲೆಕೆಳಗಾಗಿ ನೆಲಕ್ಕೆ ಬಿದ್ದಿತು. ಮಗುವನ್ನು ಎತ್ತಿಕೊಂಡು ನಿಂತಿದ್ದ ತಾಯಿ ಮಾತನಾಡಲಿಲ್ಲ. ನಾವೂ ಮಾತನಾಡಲಿಲ್ಲ.

ಹಗ್ಗವು ಹರಿದಿರಲಿಲ್ಲ; ಅದರ ಬಲದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆಯಾದುದು ಘರ್ಷಣೆಯಲ್ಲಿ.

ಎಲ್ಲವೂ ಘರ್ಷಣೆಯೇ

ಹತ್ತಿಯ ಒಂದು ಎಳೆಯ ಉದ್ದ ಸುಮಾರು 3 ಸೆಂಟಿಮೀಟರ್ ಮಾತ್ರ. ಇಷ್ಟು ಗಿಡ್ಡದಾದ ಎಳೆಗಳಿಂದ ಮಾರುದ್ದದ ಹಗ್ಗವಾಗುವುದು ಅವುಗಳನ್ನು ಹೊಸೆಯುವುದರಿಂದ. ಹೊಸೆದ ಹಗ್ಗವನ್ನು ಎಳೆದಷ್ಟೂ ಎಳೆಗಳು ಒಂದನ್ನೊಂದು ಒತ್ತುತ್ತವೆ. ಒತ್ತಿದಷ್ಟೂ ಘರ್ಷಣೆ ಹೆಚ್ಚುತ್ತದೆ. ನೂಲನ್ನು ಒಂದು ದಿಕ್ಕಿಗೆ ತಿರುಚಿ, ಆ ನೂಲುಗಳ ಹುರಿಗಳನ್ನು ವಿರುದ್ಧ ದಿಕ್ಕಿಗೆ ಹೆಣೆಯುವುದರಿಂದ ಒಂದರ ತಿರುಚು ಇನ್ನೊಂದನ್ನು ಬಿಚ್ಚಿಕೊಳ್ಳಲು ಬಿಡುವುದಿಲ್ಲ.

ಗಂಟಿನಲ್ಲಿಯೂ ನಡೆಯುವುದು ಇದೇ. ಕಂಬಕ್ಕೆ ಹಗ್ಗವನ್ನು ಸುತ್ತಿ, ಎಳೆಯುತ್ತಿರುವ ಎತ್ತನ್ನು ಬಾಲಕನೊಬ್ಬನು ತಡೆದು ನಿಲ್ಲಿಸಬಲ್ಲನೆಂಬುದು ರೈತರಿಗೆ ತಿಳಿದ ಸಂಗತಿ. ಈ ಸಂಗತಿಗೆ ಗಣಿತದ ರೂಪ ಕೊಟ್ಟವರಲ್ಲಿ ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ಪ್ರಮುಖನು. ಅವನ ಸೂತ್ರದಂತೆ, ಸುತ್ತುಗಳು ಕೂಡುತ್ತ ಹೋದಂತೆ ತಡೆಯುವ ಶಕ್ತಿಯು ಕೂಡುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕವು 0.3 ಎಂದಿಟ್ಟುಕೊಳ್ಳೋಣ. ಒಂದು ಸುತ್ತಿಗೆ ನಮ್ಮ ಕೈಯ ಬಲವು ಸುಮಾರು 6.6 ಪಟ್ಟು ಭಾರವನ್ನು ತಡೆಯುತ್ತದೆ. ಎರಡು ಸುತ್ತಿಗೆ 43 ಪಟ್ಟು. ಮೂರು ಸುತ್ತಿಗೆ 286 ಪಟ್ಟು!

ಈಗ ಘರ್ಷಣಾಂಕವನ್ನು ಅರ್ಧಕ್ಕೆ, ಎಂದರೆ 0.15ಕ್ಕೆ ಇಳಿಸಿ ನೋಡಿ. ಮೂರು ಸುತ್ತಿಗೆ ದೊರೆಯುವುದು 286ರ ಅರ್ಧವಲ್ಲ, ಬರಿಯ 17 ಪಟ್ಟು. ಹಗ್ಗದ ಮೈ ನುಣುಪಾದಾಗ ಗಂಟಿನ ಬಲವು ಹೇಗೆ ಕುಸಿಯುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಮ್ಮ ನೈಲಾನ್ ಹಗ್ಗದ ರಹಸ್ಯವೂ ಇದೇ. ಗಂಟು ನಿಜವಾಗಿಯೂ ಕಂಬದ ಸುತ್ತಿಗಿಂತ ಜಟಿಲವಾದುದು. ಅಲ್ಲಿ ಹಗ್ಗವು ತನ್ನನ್ನೇ ತಾನು ಅದುಮಿ ಹಿಡಿಯುತ್ತದೆ. ಆದರೂ ಮೂಲ ತತ್ತ್ವವು ಬದಲಾಗುವುದಿಲ್ಲ.

ನಮ್ಮ ನೆಲುವು, ನಾವಿಕರ ಹೆಣಿಗೆ

ಮ್ಯಾಕ್ರಮೆ ಎಂಬ ಶಬ್ದವು ಅರಬ್ಬೀ, ತುರ್ಕಿ ಭಾಷೆಗಳಿಂದ ಯೂರೋಪಿಗೆ ಹೋದುದೆಂದು ಹೇಳುತ್ತಾರೆ. ಬಟ್ಟೆಯ ಅಂಚಿನಲ್ಲಿ ಉಳಿದ ನೂಲುಗಳನ್ನು ಗಂಟುಹಾಕಿ ಅಲಂಕರಿಸುವ ಕಲೆಯಿದು. ಹಡಗಿನ ನಾವಿಕರು ಬಿಡುವಿನ ವೇಳೆಯಲ್ಲಿ ಇದನ್ನು ಬೆಳೆಸಿದರು. 1944ರಲ್ಲಿ ಪ್ರಕಟವಾದ ಆಶ್ಲಿಯವರ ಗಂಟುಗಳ ಗ್ರಂಥದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ಆದರೆ ಈ ಕಲೆಯು ನಮಗೆ ಹೊಸದೇನೂ ಅಲ್ಲ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ನಮ್ಮ ಹೆಣ್ಣುಮಕ್ಕಳು ಮಾಡುವುದೂ ಇದನ್ನೇ. ಅಡುಗೆಮನೆಯ ಜಂತಿಗೆ ನೇತುಹಾಕಿ ಹಾಲು ಮೊಸರಿನ ಗಡಿಗೆಗಳನ್ನು ಬೆಕ್ಕಿಗೆ ಎಟುಕದಂತೆ ಇಡುತ್ತಿದ್ದ ನೆಲುವು ಇದರ ಹತ್ತಿರದ ನಂಟನು. ನೆಲುವನ್ನು ಕತ್ತಾಳೆಯ ನಾರಿನಿಂದಲೂ ಹೆಣೆಯುತ್ತಿದ್ದರು. ಆ ನಾರು ಒರಟಾದುದರಿಂದ ಗಂಟು ಚೆನ್ನಾಗಿ ನಿಲ್ಲುತ್ತದೆ. ಆದರೆ ಕೂಸಿನ ಮೈಗೆ ಅದು ಸಲ್ಲದು. ಹತ್ತಿಯಾದರೋ ಮೃದುವೂ ಹೌದು, ಜಾರದ ಮೈಯುಳ್ಳದ್ದೂ ಹೌದು. ಅಲ್ಲದೆ ನೆನೆದಾಗ ಅದರ ನೂಲಿನ ಬಲವು ಕುಗ್ಗುವುದಿಲ್ಲ, ತುಸು ಹೆಚ್ಚುತ್ತದೆ. ತೊಟ್ಟಿಲಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕೆ?

ಕಟ್ಟುವ ಬಗೆ

ಎರಡನೆಯ ಸಲ ನಾವು ಒಂದು ನಿಯಮವನ್ನು ಮೊದಲೇ ಹಾಕಿಕೊಂಡೆವು: ಭಾರವನ್ನು ಹೊರುವ ಹಗ್ಗವೇ ಬೇರೆ, ಬೇಲಿಯಂತೆ ಸುತ್ತುವ ಹೆಣಿಗೆಯೇ ಬೇರೆ. ಹೆಣಿಗೆಯ ಒಂದು ಗಂಟು ಬಿಚ್ಚಿದರೂ ಮಗು ಬೀಳಬಾರದು.

ತಳಕ್ಕೆ 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಗಟ್ಟಿ ಹಲಗೆ. ಅದರ ನಾಲ್ಕು ಮೂಲೆಗಳ ಬಳಿ ನಾಲ್ಕು ತೂತುಗಳು. ಗಾಳಿಯಾಡಲು ನಡುವೆ ಕೆಲವು ಸಣ್ಣ ತೂತುಗಳು. ಅದೇ ಅಳತೆಯ ಮರದ ಚೌಕಟ್ಟೊಂದು ಮೇಲಂಚಿಗೆ. 10 ಮಿಲಿಮೀಟರ್ ದಪ್ಪದ, ಮೂರು ಹುರಿಯ ಹತ್ತಿಹಗ್ಗ ಎರಡು ತುಂಡು, ತಲಾ ನಾಲ್ಕೂವರೆ ಮೀಟರ್. ಒಂದನ್ನು ತಲೆಯ ಕಡೆಯಲ್ಲಿ, ಇನ್ನೊಂದನ್ನು ಕಾಲಿನ ಕಡೆಯಲ್ಲಿ ಹಲಗೆಯ ಅಡಿಯಿಂದ ಹಾಯಿಸಿ, ಎರಡೂ ತುದಿಗಳನ್ನು ತೂತುಗಳ ಮೂಲಕ ಮೇಲಕ್ಕೆ ತರಬೇಕು. ಹೀಗೆ ಹಲಗೆಯು ಹಗ್ಗದ ಮೇಲೆ ಕುಳಿತಿರುತ್ತದೆ. ಕೆಳಗೆ ಜಾರತಕ್ಕ ಗಂಟೇ ಇರುವುದಿಲ್ಲ. 35 ಸೆಂಟಿಮೀಟರ್ ಎತ್ತರದಲ್ಲಿ ಒಂದೊಂದು ಗಂಟು ಹಾಕಿ, ಆ ಗಂಟುಗಳ ಮೇಲೆ ಚೌಕಟ್ಟನ್ನು ಕೂರಿಸಬೇಕು.

ಇನ್ನು ಹೆಣಿಗೆ. 5 ಮಿಲಿಮೀಟರ್ ದಪ್ಪದ ಹಗ್ಗವನ್ನು ಮೂರು ಮೀಟರಿನ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ನಡುವೆ ಮಡಿಸಿ ಚೌಕಟ್ಟಿಗೆ ಕುಣಿಕೆಯಾಗಿ ಸಿಕ್ಕಿಸಿ. ಪಕ್ಕಪಕ್ಕದ ಎರಡು ತುಂಡುಗಳಿಂದ ನಾಲ್ಕು ಎಳೆಗಳಾಗುತ್ತವೆ. ನಡುವಿನ ಎರಡನ್ನು ಸುಮ್ಮನೆ ಬಿಡಿ. ಎಡದ ಎಳೆಯನ್ನು ಅವುಗಳ ಮೇಲೆ ಹಾಯಿಸಿ ಬಲದ ಎಳೆಯ ಕೆಳಗೆ ತನ್ನಿ. ಬಲದ ಎಳೆಯನ್ನು ನಡುವಿನವುಗಳ ಹಿಂದಿನಿಂದ ಸಾಗಿಸಿ ಎಡಗಡೆಯ ಕುಣಿಕೆಯೊಳಗಿಂದ ಮುಂದಕ್ಕೆ ತೆಗೆದು ಬಿಗಿಯಿರಿ. ಇದು ಅರ್ಧ ಗಂಟು. ಇದನ್ನೇ ಬಲದಿಂದ ಎಡಕ್ಕೆ ಮಾಡಿದರೆ ಚೌಕಗಂಟು ಪೂರ್ಣವಾಗುತ್ತದೆ. ದಿಕ್ಕನ್ನು ಬದಲಿಸದೆ ಹೋದರೆ ಹೆಣಿಗೆಯು ತಿರುಪಿನಂತೆ ಸುತ್ತಿಕೊಳ್ಳುತ್ತದೆ. ಮುಂದಿನ ಸಾಲಿನಲ್ಲಿ ಒಂದು ಗಂಟಿನಿಂದ ಎರಡು ಎಳೆ, ಪಕ್ಕದ ಗಂಟಿನಿಂದ ಎರಡು ಎಳೆ ಸೇರಿಸಿ ಗಂಟು ಹಾಕುತ್ತ ಬಂದರೆ ಬಲೆಯಾಗುತ್ತದೆ. ಬಲೆಯ ಕಣ್ಣು ಎಲ್ಲಿಯೂ 6 ಸೆಂಟಿಮೀಟರನ್ನು ಮುಟ್ಟಬಾರದು. ಅಮೆರಿಕದಲ್ಲಿ ಶಿಶುಮಂಚದ ಸರಳುಗಳ ನಡುವಿನ ಅಂತರಕ್ಕೂ ಹೆಚ್ಚುಕಡಮೆ ಇದೇ ಮಿತಿಯಿದೆ. ಕೆಳಗಿನ ತುದಿಗಳನ್ನು ಹಲಗೆಯ ಅಂಚಿನ ತೂತುಗಳಲ್ಲಿ ಪೋಣಿಸಿ ಅಡಿಯಲ್ಲಿ ಕಟ್ಟಬೇಕು. ಚೆಂದಕ್ಕೆಂದು ಕುಚ್ಚುಗಳನ್ನು ಒಳಗೆ ಇಳಿಬಿಡುವುದು ಅಪಾಯ. ಸಡಿಲವಾದ ಹಗ್ಗವು ಕೂಸಿನ ಕೊರಳಿಗೆ ಉರುಳಾಗಬಲ್ಲದು.

ಭಾರದ ಹಗ್ಗದ ತುದಿಗಳನ್ನು ದಪ್ಪನೆಯ ಎರಡು ಉಕ್ಕಿನ ಬಳೆಗಳಿಗೆ ಕಟ್ಟಬೇಕು; ತಲೆಯ ಕಡೆಗೆ ಒಂದು, ಕಾಲಿನ ಕಡೆಗೆ ಒಂದು. ಮೊದಲು ಬಳೆಯ ಸುತ್ತ ಎರಡು ಪೂರ್ಣ ಸುತ್ತು, ಅನಂತರ ಮೂರು ಕುಣಿಕೆ, ಕೊನೆಗೆ ಉಳಿದ ತುದಿಯನ್ನು ಹಗ್ಗಕ್ಕೇ ಒತ್ತಿ ದಾರದಿಂದ ಹೊಲಿಗೆ. ಆಯ್ಲರನ ಸೂತ್ರವನ್ನು ನೆನಪಿಟ್ಟವರಿಗೆ ಆ ಎರಡು ಸುತ್ತುಗಳ ಬೆಲೆ ತಿಳಿಯುತ್ತದೆ. ಬಿಚ್ಚುವ ಜೀರುಗುಣಿಕೆಯನ್ನು ಇಲ್ಲಿ ಎಂದಿಗೂ ಬಳಸಬಾರದು. ಬಳೆಗಳನ್ನು ಸರಪಳಿಯಿಂದ ತೊಲೆಯ ಎರಡು ಕೊಂಡಿಗಳಿಗೆ ತೂಗುಹಾಕುವುದು ಲೇಸು. ಒಂದೇ ಕೊಂಡಿಯಾದರೆ ತೊಟ್ಟಿಲು ಬುಗುರಿಯಂತೆ ತಿರುಗುತ್ತದೆ.

ಲೆಕ್ಕ ಹಾಕಿ ನೋಡೋಣ

ಮಗು, ಹಾಸಿಗೆ, ಹಲಗೆ ಎಲ್ಲ ಸೇರಿ 12 ಕಿಲೋಗ್ರಾಂ ಆಗಲಿ. ಬಳೆಯೊಂದಕ್ಕೆ 6 ಕಿಲೋಗ್ರಾಂ ಭಾರ. ಚೌಕಟ್ಟಿನಿಂದ ಬಳೆಯು ಒಂದು ಮೀಟರ್ ಮೇಲಿದ್ದರೆ ಹಗ್ಗಗಳು ಲಂಬದಿಂದ ಸುಮಾರು 13 ಡಿಗ್ರಿ ಮಾತ್ರ ವಾಲುತ್ತವೆ. ಪ್ರತಿ ಹಗ್ಗದ ಮೇಲಿನ ಎಳೆತವು 3 ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಬಳೆಯನ್ನು ಹತ್ತೇ ಸೆಂಟಿಮೀಟರ್ ಮೇಲಿಟ್ಟರೆ ಕೋನವು 66 ಡಿಗ್ರಿಯಾಗಿ, ಅದೇ ಹಗ್ಗದ ಮೇಲೆ 7 ಕಿಲೋಗ್ರಾಮಿಗೂ ಮಿಕ್ಕಿದ ಎಳೆತ ಬೀಳುತ್ತದೆ! ಭಾರವು ಹೆಚ್ಚಲಿಲ್ಲ, ಕೋನವು ಹೆಚ್ಚಿತು, ಅಷ್ಟೆ.

ತೂಗುವಾಗ ಇನ್ನೊಂದು ಸಂಗತಿ ಸೇರುತ್ತದೆ. ತೊಟ್ಟಿಲು ಒಂದು ಲೋಲಕ. 30 ಡಿಗ್ರಿಯವರೆಗೆ ಎಳೆದು ಬಿಟ್ಟರೆ, ಅದು ಕೆಳಗೆ ಬಂದ ಕ್ಷಣದಲ್ಲಿ ಹಗ್ಗದ ಎಳೆತವು ನಿಂತಿದ್ದಾಗಿನ 1.27 ಪಟ್ಟು, 60 ಡಿಗ್ರಿಯಿಂದ ಬಿಟ್ಟರೆ ಎರಡು ಪಟ್ಟು. ಅಕ್ಕನೋ ಅಣ್ಣನೋ ಉತ್ಸಾಹದಿಂದ ಜೋರಾಗಿ ತೂಗಿದಾಗ ನಡೆಯುವುದು ಇದು. ಇದಲ್ಲದೆ, ಗಂಟು ಹಾಕಿದೆಡೆಯಲ್ಲಿ ಹಗ್ಗವು ಮುರಿದು ಬಾಗುವುದರಿಂದ ಅದರ ಬಲವು ಅರ್ಧದಷ್ಟು ಕೂಡ ಕುಗ್ಗಬಹುದು. ಆದುದರಿಂದಲೇ ಜೀವದ ಭಾರವನ್ನು ಹೊರುವ ಹಗ್ಗಕ್ಕೆ ಅದು ತಾಳಬಲ್ಲ ಭಾರದ ಹತ್ತನೆಯ ಒಂದು ಪಾಲನ್ನು ಮಾತ್ರ ಹೊರಿಸುವುದು ವಿವೇಕ.

ತೂಗಿನ ಕಾಲವು ಮಗುವಿನ ತೂಕವನ್ನು ಅವಲಂಬಿಸುವುದಿಲ್ಲ. ತೂಗುವ ಉದ್ದವನ್ನು ಮಾತ್ರ ಅವಲಂಬಿಸುತ್ತದೆ. 2.2 ಮೀಟರ್ ಉದ್ದವಿದ್ದರೆ ಹೋಗಿ ಬರಲು ಸುಮಾರು 3 ಸೆಕೆಂಡು. ವಿದ್ಯಾರ್ಥಿಗಳು ಇಪ್ಪತ್ತು ತೂಗುಗಳನ್ನು ಎಣಿಸಿ ಇದನ್ನು ತಾವೇ ಪರೀಕ್ಷಿಸಬಹುದು. ಈ ತೂಗನ್ನು ಅರಿಯುವುದು ಒಳಕಿವಿಯಲ್ಲಿರುವ ಸಮತೋಲನದ ಅಂಗ. ಜಿನೀವಾದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನಾಲ್ಕು ಸೆಕೆಂಡಿಗೊಮ್ಮೆ ತೂಗುವ ಮಂಚದಲ್ಲಿ ವಯಸ್ಕರು ಸಹ ಬೇಗನೆ ಗಾಢನಿದ್ರೆಗೆ ಜಾರಿದುದು ಕಂಡುಬಂದಿತು.

ಎಚ್ಚರಿಕೆಯ ಮಾತು

ಗಂಟು ಎಷ್ಟೇ ಬಿಗಿಯಾಗಿರಲಿ, ಮಗುವನ್ನು ಮಲಗಿಸುವ ಬಗೆ ತಪ್ಪಿದರೆ ತೊಟ್ಟಿಲು ಕ್ಷೇಮವಲ್ಲ. ಜೋಲಿಯಲ್ಲಿ ಕೂಸಿನ ಬೆನ್ನು ಬಾಗಿ, ಗಲ್ಲವು ಎದೆಗೆ ಒತ್ತಿಕೊಂಡು, ಇಕ್ಕಟ್ಟಾದ ಶ್ವಾಸಮಾರ್ಗವು ಮುಚ್ಚಿಹೋಗಬಹುದು. ನಾವು ಗಟ್ಟಿ ಹಲಗೆಯನ್ನು ಹಾಕಿದುದು ಈ ಕಾರಣದಿಂದಲೇ. 2022ರಲ್ಲಿ ಅಮೆರಿಕವು 10 ಡಿಗ್ರಿಗಿಂತ ಹೆಚ್ಚು ವಾಲಿರುವ ಶಿಶುಶಯ್ಯೆಗಳ ಮಾರಾಟವನ್ನೇ ಶಾಸನದಿಂದ ನಿಷೇಧಿಸಿತು. ಮಗುವನ್ನು ತೆಳುವಾದ, ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ದಿಂಬು, ಸಡಿಲವಾದ ಹೊದಿಕೆ ಬೇಡ. ದೊಡ್ಡವರು ಕಣ್ಣಳತೆಯಲ್ಲಿಯೇ ಇರಬೇಕು. ನಿದ್ದೆ ಹತ್ತಿದ ಮೇಲೆ ನೆಲದ ಹಾಸಿಗೆಗೆ ವರ್ಗಾಯಿಸುವುದು ಇನ್ನೂ ಉತ್ತಮ. ತೊಟ್ಟಿಲು ನೆಲದಿಂದ ಮೊಣಕಾಲೆತ್ತರವನ್ನು ಮೀರದಿರಲಿ. ಮಗು ಮಗ್ಗುಲಾಗಲು ಕಲಿತ ದಿನವೇ ತೊಟ್ಟಿಲಿನ ಕೊನೆಯ ದಿನವೆಂದು ತಿಳಿಯಬೇಕು.

ತೊಟ್ಟಿಲು ಸಿದ್ಧವಾದ ಮೇಲೆ ನಾವು 50 ಕಿಲೋಗ್ರಾಂ ರಾಗಿಯನ್ನು ಅದರಲ್ಲಿಟ್ಟು, ಪ್ರತಿ ಗಂಟಿನ ಬಾಯಿಯಲ್ಲಿ ಹಗ್ಗದ ಮೇಲೆ ಮಸಿಯ ಗೆರೆ ಎಳೆದು, ಒಂದು ಇರುಳು ಬಿಟ್ಟೆವು. ಬೆಳಗ್ಗೆ ಗಂಟುಗಳು ಬಿಗಿದುಕೊಂಡು ಗೆರೆಗಳು ಕೂದಲೆಳೆಯಷ್ಟು ಸರಿದಿದ್ದವು. ಎರಡನೆಯ ಇರುಳು ಅಷ್ಟೂ ಸರಿಯಲಿಲ್ಲ.

ನಾಮಕರಣದ ದಿನ ನಮ್ಮ ಹಲವು ಮನೆಗಳಲ್ಲಿ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುವ ಸಂಪ್ರದಾಯವಿದೆ. ಅದರ ಉದ್ದೇಶವು ಏನೇ ಇರಲಿ, ಆ ಕ್ರಮವು ನಮಗೆ ಬಹಳ ಹಿಡಿಸಿತು. ಮೂರನೆಯ ದಿನ ಅಜ್ಜಿ ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಲ್ಲಿಟ್ಟು ಮೂರು ಬಾರಿ ತೂಗಿದರು. ಆಮೇಲೆ ಕಲ್ಲನ್ನು ತೆಗೆದು, ತಾಯಿಯ ಕಡೆಗೆ ಕೈ ನೀಡಿ ಮಗುವನ್ನು ಕೇಳಿದರು. ತಾಯಿ ಒಮ್ಮೆ ಗಂಟುಗಳ ಕಡೆಗೂ ಮಸಿಯ ಗೆರೆಗಳ ಕಡೆಗೂ ನೋಡಿ, ಮಗುವನ್ನು ಕೊಟ್ಟಳು.